ಡಿಸಿಸಿಗೆ ಬದಲಾಗುವ ಲೇಔಟ್: ಟರ್ನ್‌ಔಟ್ ವೈರಿಂಗ್‌ನಲ್ಲಿ ಯಾವುದನ್ನು ಆರಿಸಬೇಕು?

ಮಾದರಿ ರೈಲಿನ ಹಳೆಯ ಅನಲಾಗ್ ಲೇಔಟ್ ಅನ್ನು ಡಿಜಿಟಲ್, ಅಂದರೆ ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್‌ಗೂ ಬೇರೆ ಬೇರೆ ಆಜ್ಞೆ ಕಳಿಸುವ ವ್ಯವಸ್ಥೆ) ಮಾಡಲು ಹೊರಟವರಿಗೆಲ್ಲ ಮೊದಲು ಸಿಗುವ ಭರವಸೆ ಒಂದೇ: "ಎರಡು ವೈರ್ ಸಿಕ್ಕಿಸಿದರೆ ಆಯ್ತು." ಬರೀ ಒಂದು ಸುತ್ತು ಹಳಿ ಇದ್ದರೆ ಆ ಮಾತು ನಿಜವೇ. ಟರ್ನ್‌ಔಟ್, ಅಂದರೆ ಹಳಿ ಕವಲೊಡೆಯುವ ಪಾಯಿಂಟ್, ಬಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ಎಂಜಿನ್ ಪಾಯಿಂಟ್ ಹತ್ತಿದ ತಕ್ಷಣ ಬೂಸ್ಟರ್ (ಹಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಟ್ರಿಪ್ ಆಗಿ ಇಡೀ ಲೇಔಟ್ ನಿಂತುಬಿಡುತ್ತದೆ. ಅದೇ ಪಾಯಿಂಟ್ ಮೇಲೆ ಅದೇ ಎಂಜಿನ್ ವರ್ಷಗಟ್ಟಲೆ ಓಡಿರುತ್ತದೆ, ಅಲ್ವಾ? ಈಗೇನಾಯ್ತು?

ಶಾರ್ಟ್ ಮೊದಲೂ ಇತ್ತು. ಚಕ್ರ ಒಂದು ಕ್ಷಣ ಎರಡು ಹಳಿಗಳನ್ನು ಸೇರಿಸಿದರೆ ಅನಲಾಗ್‌ನಲ್ಲಿ ಸಣ್ಣ ಕಿಡಿ ಹಾರುತ್ತದೆ, ಎಂಜಿನ್ ಸ್ವಲ್ಪ ಮುಗ್ಗರಿಸುತ್ತದೆ, ಅಷ್ಟೇ. ಯಾರ ಗಮನಕ್ಕೂ ಬರುವುದಿಲ್ಲ. ಡಿಸಿಸಿ ಬೂಸ್ಟರ್ ಹಾಗಲ್ಲ. ಸಾಮಾನ್ಯವಾಗಿ ಅದು 3ರಿಂದ 5 ಆಂಪಿಯರ್ ಕೊಡಬಲ್ಲದು. ಅಷ್ಟು ಕರೆಂಟ್ ಒಂದು ಚಕ್ರದ ಮೂಲಕ ಹರಿದರೆ ಚಕ್ರವೂ ಹಳಿಯೂ ಸುಡುತ್ತವೆ. ಅದಕ್ಕೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿತಗೊಳಿಸುತ್ತದೆ. ಹಳೇ ವೈರಿಂಗ್ ಇಷ್ಟು ದಿನ ಮುಚ್ಚಿಟ್ಟಿದ್ದ ಹುಳುಕನ್ನು ಡಿಸಿಸಿ ಹೊರಗೆ ಹಾಕುತ್ತದೆ.

ಟರ್ನ್‌ಔಟ್ ವಿಷಯದಲ್ಲಿ ತೀರ್ಮಾನ ಮಾಡಬೇಕಾದದ್ದು ಮೂರು. ಫ್ರಾಗ್‌ಗೆ (ಹಳಿಗಳು ದಾಟುವ ಚೂಪು ಜಾಗ) ವಿದ್ಯುತ್ ಹೇಗೆ ಕೊಡುವುದು, ಬ್ಲೇಡ್‌ಗಳನ್ನು (ದಾರಿ ಬದಲಿಸಲು ಆಚೀಚೆ ಸರಿಯುವ ಹಳಿಗಳು) ಯಾವುದು ತಳ್ಳುವುದು, ತಳ್ಳು ಅಂತ ಹೇಳುವುದು ಎಲ್ಲಿಂದ. ಜಾಸ್ತಿ ಜನ ಮೂರನ್ನೂ ಕಲಸಿ ಒಂದೇ ಪ್ರಶ್ನೆ ಮಾಡಿಕೊಳ್ಳುತ್ತಾರೆ. ರೈಲು ಡಿಜಿಟಲ್ ಆಯ್ತು, ಹಾಗಾಗಿ ಪಾಯಿಂಟ್‌ಗೂ ಡಿಕೋಡರ್ (ಡಿಸಿಸಿ ಆಜ್ಞೆ ಓದಿ ಕೆಲಸ ಮಾಡಿಸುವ ಸಾಧನ) ಬೇಕು ಅಂತ ಮೂರನೆಯದಕ್ಕೇ ಮೊದಲು ದುಡ್ಡು ಸುರಿಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ತಲೆಕೆಳಗು. ಡಿಸಿಸಿಗೆ ನಿಜವಾಗಿ ಬೇಕಾದದ್ದು ಮೊದಲನೆಯದು ಮಾತ್ರ. ಮಿಕ್ಕ ಎರಡು ಹಳೆಯ ಹಾಗೇ ಇದ್ದರೂ ನಡೆಯುತ್ತದೆ.

ಫ್ರಾಗ್: ಪ್ಲಾಸ್ಟಿಕ್ಕೋ, ಲೋಹವೋ

ಎರಡು ಹಳಿಗಳು ಒಂದನ್ನೊಂದು ದಾಟುವ ಚೂಪಾದ ಜಾಗವೇ ಫ್ರಾಗ್. ಎಡಕ್ಕೆ ಹೋಗುವಾಗ ಅದು ಒಂದು ಹಳಿಯ ಭಾಗ, ಬಲಕ್ಕೆ ಹೋಗುವಾಗ ಇನ್ನೊಂದರ ಭಾಗ. ವಿದ್ಯುತ್ತಿನ ತಕರಾರೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಪೆಕೊ ಕಂಪನಿಯ ಹೆಸರುಗಳಲ್ಲೇ ಹೇಳುತ್ತೇನೆ, ಯಾಕೆಂದರೆ ಮೂರು ಬಗೆಯನ್ನೂ ಅವರು ಮಾಡಿದ್ದಾರೆ. ಬೇರೆ ಕಂಪನಿಗಳ ಟರ್ನ್‌ಔಟ್‌ಗಳೂ ಸಾಮಾನ್ಯವಾಗಿ ಈ ಮೂರರಲ್ಲಿ ಒಂದನ್ನು ಹೋಲುತ್ತವೆ.

ಇನ್ಸುಲ್‌ಫ್ರಾಗ್‌ನಲ್ಲಿ ಫ್ರಾಗ್‌ನ ತುದಿ ಪ್ಲಾಸ್ಟಿಕ್. ವೈರಿಂಗ್ ಕೆಲಸ ಏನೂ ಇಲ್ಲ. ಉದ್ದ ಎಂಜಿನ್ ಆದರೆ ಅಲ್ಲಿ ವಿದ್ಯುತ್ ಇಲ್ಲ ಅನ್ನುವುದೇ ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಬೇರೆ ಚಕ್ರಗಳು ಹಳಿ ಮೇಲಿರುತ್ತವೆ. ನಾಲ್ಕು ಚಕ್ರದ ಪುಟ್ಟ ಶಂಟರ್ ಎಂಜಿನ್ ಮಾತ್ರ ನಿಧಾನವಾಗಿ ಹೋಗುವಾಗ ಅಲ್ಲೇ ನಿಂತುಬಿಡುತ್ತದೆ. ಸೌಂಡ್ ಡಿಕೋಡರ್ ಇದ್ದರಂತೂ ಕಿರಿಕಿರಿ. ಒಂದು ಕ್ಷಣ ವಿದ್ಯುತ್ ತಪ್ಪಿದರೂ ಸದ್ದು ನಿಂತು, ಎಂಜಿನ್ ಸ್ಟಾರ್ಟ್ ಆಗುವ ಸದ್ದು ಮೊದಲಿಂದ ಶುರುವಾಗುತ್ತದೆ. ಯಾರ್ಡ್‌ನಲ್ಲಿ ಐದು ಪಾಯಿಂಟ್ ದಾಟುವಷ್ಟರಲ್ಲಿ ಐದು ಸಲ.

ಇನ್ಸುಲ್‌ಫ್ರಾಗ್‌ಗೆ ಇನ್ನೊಂದು ರೋಗವಿದೆ. ಪ್ಲಾಸ್ಟಿಕ್ ತುದಿ ಮುಗಿದು ಎರಡು ಲೋಹದ ಹಳಿಗಳು ಶುರುವಾಗುವ ಕಡೆ ಅವುಗಳ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಎರಡಕ್ಕೂ ವಿರುದ್ಧ ಧ್ರುವ. ಅಗಲ ಚಕ್ರ ಬಂದರೆ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ಬೂಸ್ಟರ್ ಟ್ರಿಪ್. ದೀಪ ಆರಿಸಿ ಕತ್ತಲಲ್ಲಿ ಎಂಜಿನ್ ಓಡಿಸಿದರೆ ಆ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ. ಆ ಎರಡು ಹಳಿಗಳ ತಲೆಗೆ ಕೆಲವೇ ಮಿಲಿಮೀಟರ್ ಉದ್ದಕ್ಕೆ ನೇಲ್ ಪಾಲಿಶ್ ಬಳಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಚಕ್ರಗಳು ಉಜ್ಜಿ ಉಜ್ಜಿ ಅದು ಸವೆಯುತ್ತದೆ, ಮತ್ತೆ ಬಳಿಯಬೇಕು. ಶಾಶ್ವತ ಪರಿಹಾರ ಬೇಕಿದ್ದರೆ ಆ ಎರಡೂ ಹಳಿಗಳ ಕೊನೆಗೆ ಪ್ಲಾಸ್ಟಿಕ್ ಜಾಯಿನರ್ (ವಿದ್ಯುತ್ ಹರಿಯಗೊಡದೆ ಹಳಿ ಜೋಡಿಸುವ ತುಂಡು) ಹಾಕಿ, ಆಚೆಗೆ ಬೇರೆ ಡ್ರಾಪರ್ (ಹಳಿಗೆ ವಿದ್ಯುತ್ ತರುವ ಸಣ್ಣ ವೈರ್) ಕೊಡಿ.

ಎಲೆಕ್ಟ್ರೋಫ್ರಾಗ್‌ನಲ್ಲಿ ಫ್ರಾಗ್ ಪೂರ್ತಿ ಲೋಹ. ಎಷ್ಟೇ ಚಿಕ್ಕ ಎಂಜಿನ್ ಆಗಲಿ, ಎಷ್ಟೇ ನಿಧಾನ ಆಗಲಿ, ತಡೆಯಿಲ್ಲದೆ ದಾಟುತ್ತದೆ. ಅದಕ್ಕೆ ಪ್ರತಿಯಾಗಿ ಕೆಲಸ ಕೇಳುತ್ತದೆ. ಫ್ರಾಗ್‌ನಿಂದ ಹೊರಡುವ ಎರಡು ಒಳ ಹಳಿಗಳಿಗೂ ಪ್ಲಾಸ್ಟಿಕ್ ಜಾಯಿನರ್ ಬೇಕೇ ಬೇಕು. ಅನಲಾಗ್ ಲೇಔಟ್‌ನಲ್ಲಿ ಬ್ಲೇಡ್ ಕಡೆಯಿಂದ ಮಾತ್ರ ವಿದ್ಯುತ್ ಕೊಟ್ಟು ಇದನ್ನು ತಪ್ಪಿಸಿಕೊಂಡಿರುತ್ತಾರೆ. ಡಿಸಿಸಿಗೆ ಅಂತ ಬಸ್ ವೈರ್ (ಲೇಔಟ್ ಉದ್ದಕ್ಕೂ ಹೋಗುವ ಮುಖ್ಯ ವೈರ್ ಜೋಡಿ) ಎಳೆದು ಎಲ್ಲ ಕಡೆ ಡ್ರಾಪರ್ ಹಾಕಿದ ದಿನ ಅದು ಬಯಲಾಗುತ್ತದೆ. ಫ್ರಾಗ್ ಆಚೆ ಹಾಕಿದ ಮೊದಲ ಡ್ರಾಪರ್‌ಗೇ ಶಾರ್ಟ್. ಹಳಿ ಅಂಟಿಸಿ, ಜಲ್ಲಿ ಹಾಕಿ ಮುಗಿದಿದ್ದರೆ ಟರ್ನ್‌ಔಟ್ ಕೀಳಬೇಕಿಲ್ಲ. ತೆಳುವಾದ ಕಟಿಂಗ್ ಡಿಸ್ಕ್‌ನಿಂದ ಹಳಿ ಸೀಳಿ, ಆ ಸೀಳಿಗೆ ಪ್ಲಾಸ್ಟಿಕ್ ಚೂರು ಅಂಟಿಸಿ ಹಳಿಯ ಆಕಾರಕ್ಕೆ ತಿದ್ದಿ. ಸೀಳನ್ನು ಖಾಲಿ ಬಿಟ್ಟರೆ ಸೆಖೆಗೆ ಹಳಿ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ.

ಯೂನಿಫ್ರಾಗ್ ಇವೆರಡರ ನಡುವಿನದು. ಫ್ರಾಗ್ ಲೋಹವೇ, ಆದರೆ ಸುತ್ತಲಿನ ಹಳಿಗಳಿಂದ ಬೇರ್ಪಟ್ಟಿರುತ್ತದೆ, ಅದರಿಂದ ಒಂದು ವೈರ್ ಇಳಿಬಿದ್ದಿರುತ್ತದೆ. ಡಬ್ಬಿಯಿಂದ ತೆಗೆದು ಹಾಗೇ ಹಾಕಬಹುದು. ಆ ವೈರ್ ಅನ್ನು ಯಾವಾಗ ಬೇಕಾದರೂ ಜೋಡಿಸಬಹುದು. ಎರಡೂ ದಾರಿಗಳಿಗೆ ಸದಾ ವಿದ್ಯುತ್ ಇರುತ್ತದೆ. ಹೊಸದಾಗಿ ಕೊಳ್ಳುವುದಿದ್ದರೆ ಯೋಚನೆಯೇ ಬೇಡ, ಇದನ್ನೇ ಕೊಳ್ಳಿ. ಆದರೆ ಕೆಲಸ ಮಾಡುತ್ತಿರುವ ಎಲೆಕ್ಟ್ರೋಫ್ರಾಗ್ ಕಿತ್ತು ಇದನ್ನು ಹಾಕುವುದು ದಂಡ. ಪೆಟ್ಟಿಗೆ ಮೇಲೆ 'ಡಿಸಿಸಿಗೆ ಸೂಕ್ತ' ಅಂತ ಬರೆದಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾವ ಟರ್ನ್‌ಔಟನ್ನೂ ಎಸೆಯಬೇಡಿ.

ಫ್ರಾಗ್‌ಗೆ ವಿದ್ಯುತ್: ಮೂರು ದಾರಿ

ಮೊದಲನೆಯದು, ಬ್ಲೇಡ್‌ಗಳ ಸ್ಪರ್ಶವನ್ನೇ ನಂಬುವುದು. ಎಲೆಕ್ಟ್ರೋಫ್ರಾಗ್ ಡಬ್ಬಿಯಿಂದ ಬರುವುದೇ ಹೀಗೆ. ಬ್ಲೇಡ್ ಯಾವ ಕಡೆಯ ಸ್ಟಾಕ್ ರೈಲಿಗೆ (ಹೊರಗಿನ, ಕದಲದ ಹಳಿ) ಒತ್ತಿ ನಿಲ್ಲುತ್ತದೋ ಅಲ್ಲಿಂದ ಫ್ರಾಗ್‌ಗೆ ವಿದ್ಯುತ್ ಬರುತ್ತದೆ. ಹೊಸದರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಧೂಳು ಕೂತರೆ, ಬಣ್ಣ ಹೊಡೆದಾಗ ಒಂದು ಹನಿ ಅಲ್ಲಿ ಬಿದ್ದರೆ, ಜಲ್ಲಿಯ ಅಂಟು ಒಳಗೆ ಇಳಿದರೆ ಕಥೆ ಮುಗಿಯಿತು. ಅದೂ ಅಲ್ಲದೆ ಎರಡೂ ಬ್ಲೇಡ್‌ಗಳು ಫ್ರಾಗ್‌ಗೇ ಸೇರಿರುವುದರಿಂದ, ತೆರೆದಿರುವ ಬ್ಲೇಡ್‌ಗೂ ಅದರ ಪಕ್ಕದ ಸ್ಟಾಕ್ ರೈಲಿಗೂ ವಿರುದ್ಧ ಧ್ರುವ ಇರುತ್ತದೆ. ಚಕ್ರದ ಬೆನ್ನು ಆ ಬ್ಲೇಡ್‌ಗೆ ತಾಗಿದರೆ ಶಾರ್ಟ್. ಒಂದೇ ಒಂದು ಎಂಜಿನ್ ಅಥವಾ ವ್ಯಾಗನ್ ಮಾತ್ರ ಹೀಗೆ ತೊಂದರೆ ಕೊಡುತ್ತಿದ್ದರೆ ಪಾಯಿಂಟನ್ನು ಬೈಯುವ ಮುಂಚೆ ಚಕ್ರಗಳ ಒಳ ಅಂತರ ಅಳೆಯಿರಿ. ಓಓ ಗೇಜ್ ಅಳತೆಯ ಮಾದರಿಗಳಲ್ಲಿ ಅದು 14.5 ಮಿಲಿಮೀಟರ್ ಆಸುಪಾಸು ಇರಬೇಕು.

ಎರಡನೆಯದು ಸ್ವಿಚ್. ಬ್ಲೇಡ್ ಸರಿದಾಗ ಅದರ ಜೊತೆಗೇ ಒಂದು ಸ್ವಿಚ್ ಬದಲಾಗಿ ಫ್ರಾಗ್‌ಗೆ ಸರಿಯಾದ ಧ್ರುವ ಕೊಡುತ್ತದೆ. ನೆನಪಿಡಬೇಕಾದ ನಿಯಮ ಒಂದೇ: ಬ್ಲೇಡ್ ಯಾವ ಸ್ಟಾಕ್ ರೈಲಿಗೆ ಒತ್ತಿದೆಯೋ ಆ ಹಳಿಯ ವಿದ್ಯುತ್ತೇ ಫ್ರಾಗ್‌ಗೆ ಸಿಗಬೇಕು. ತಿರುಗುಮುರುಗಾದರೆ ಶಾರ್ಟ್ ಆಗಿ ತಾನೇ ಹೇಳಿಬಿಡುತ್ತದೆ, ಸ್ವಿಚ್‌ನ ಎರಡು ಹೊರ ವೈರ್ ಅದಲುಬದಲು ಮಾಡಿದರೆ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಲೇಡ್‌ಗಳು ಇನ್ನೂ ಫ್ರಾಗ್‌ಗೇ ಜೋಡಿಸಿಕೊಂಡಿದ್ದರೆ ಸ್ವಿಚ್ ಬದಲಾಗುವ ಗಳಿಗೆ ಸರಿಯಾಗಿರಬೇಕು. ಬ್ಲೇಡ್ ಒಂದು ಕಡೆಯ ಹಳಿಯನ್ನು ಬಿಟ್ಟು, ಇನ್ನೊಂದನ್ನು ಮುಟ್ಟುವ ಮುಂಚೆ, ನಡುವೆ. ಸ್ವಲ್ಪ ಮೊದಲಾದರೂ, ಸ್ವಲ್ಪ ತಡವಾದರೂ ಶಾರ್ಟ್. ರೈಲು ಎಲ್ಲೋ ಇರುತ್ತದೆ, ಪಾಯಿಂಟ್ ಬದಲಾಯಿಸಿದ್ದಕ್ಕೇ ಬೂಸ್ಟರ್ ಟ್ರಿಪ್ ಆಗುತ್ತದೆ. ಕಾರಣ ಹುಡುಕುತ್ತಾ ಹಳಿಯೆಲ್ಲ ಒರೆಸುತ್ತಾ ಕೂತವರಿದ್ದಾರೆ. ಟರ್ನ್‌ಔಟ್ ಇನ್ನೂ ಕೈಯಲ್ಲಿದ್ದರೆ ಇದನ್ನು ಬುಡದಲ್ಲೇ ಕಳೆಯಬಹುದು. ಅದನ್ನು ಮಗುಚಿ ನೋಡಿ. ಎಲೆಕ್ಟ್ರೋಫ್ರಾಗ್‌ನ ಕೆಳಗೆ ಫ್ರಾಗ್‌ಗೂ ಬ್ಲೇಡ್ ಕಡೆಯ ಒಳ ಹಳಿಗಳಿಗೂ ಸೇರುವ ಎರಡು ಸಣ್ಣ ಲಿಂಕ್ ವೈರ್ ಇರುತ್ತವೆ. ಅವನ್ನು ಕತ್ತರಿಸಿ. ಆಮೇಲೆ ಬ್ಲೇಡ್ ಕಡೆಯ ಆ ಪ್ರತಿ ಒಳ ಹಳಿಯನ್ನು ಅದರ ಪಕ್ಕದ ಸ್ಟಾಕ್ ರೈಲಿಗೆ ಚಿಕ್ಕ ವೈರ್‌ನಿಂದ ಬೆಸುಗೆ ಹಾಕಿ. ಈಗ ಬ್ಲೇಡ್‌ಗೂ ಪಕ್ಕದ ಹಳಿಗೂ ಯಾವಾಗಲೂ ಒಂದೇ ಧ್ರುವ. ಚಕ್ರದ ಬೆನ್ನು ತಾಗಿದರೂ ಏನೂ ಆಗುವುದಿಲ್ಲ, ಸ್ವಿಚ್ ಒಂದು ಚೂರು ಹಿಂದೆಮುಂದೆ ಆದರೂ ಏನೂ ಆಗುವುದಿಲ್ಲ. ಬೆಸುಗೆ ಕಡ್ಡಿ ಚೆನ್ನಾಗಿ ಬಿಸಿಯಾಗಿರಲಿ, ಮುಟ್ಟಿಸಿ ಬೇಗ ತೆಗೆಯಿರಿ, ಇಲ್ಲದಿದ್ದರೆ ಸ್ಲೀಪರ್ ಕರಗುತ್ತದೆ. ಆಗಲೇ ಅಂಟಿಸಿ ಹೋಗಿರುವ ಟರ್ನ್‌ಔಟ್ ಆದರೆ ಇದಕ್ಕಾಗಿ ಕೀಳುವಷ್ಟು ಅನಿವಾರ್ಯವೇನಲ್ಲ. ಸ್ವಿಚ್‌ನ ಗಳಿಗೆ ಸರಿಮಾಡಿಕೊಂಡರೆ ಸಾಕು.

ಮೂರನೆಯದು ತಾನೇ ಕಂಡುಕೊಳ್ಳುವ ಎಲೆಕ್ಟ್ರಾನಿಕ್ ಬೋರ್ಡ್. ಟ್ಯಾಮ್ ವ್ಯಾಲಿ ಡಿಪೋದ ಫ್ರಾಗ್ ಜ್ಯೂಸರ್ ಇದರಲ್ಲಿ ಹೆಸರುವಾಸಿ, ಹಾಗೆಯೇ ಗೇಜ್‌ಮಾಸ್ಟರ್‌ನ ಆಟೋಫ್ರಾಗ್ ಇದೆ. ಬಸ್‌ನಿಂದ ಎರಡು ವೈರ್, ಫ್ರಾಗ್‌ಗೆ ಒಂದು ವೈರ್, ಅಷ್ಟೇ. ಚಕ್ರ ಫ್ರಾಗ್ ಮುಟ್ಟಿ ಶಾರ್ಟ್ ಆದ ಕ್ಷಣವೇ ಧ್ರುವ ಬದಲಾಯಿಸುತ್ತದೆ, ಬೂಸ್ಟರ್‌ಗೆ ಗೊತ್ತಾಗುವ ಮುಂಚೆ. ಮೋಟರ್ ಇರಲಿ, ಕೈಯಿಂದ ತಳ್ಳುವ ಪಾಯಿಂಟ್ ಇರಲಿ, ಅದಕ್ಕೆ ವ್ಯತ್ಯಾಸವಿಲ್ಲ. ಎರಡು ಮಿತಿಗಳಿವೆ. ಡಿಸಿಸಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆಗಾಗ ಅನಲಾಗ್‌ಗೂ ಬದಲಾಯಿಸಿ ಓಡಿಸುವವರಿಗೆ ಆಗದು. ಬೂಸ್ಟರ್ ತೀರಾ ಚಿಕ್ಕದಾಗಿದ್ದು ಬೇಗ ಟ್ರಿಪ್ ಆಗುವಂಥದ್ದಾದರೆ ಬೋರ್ಡ್‌ಗಿಂತ ಮೊದಲು ಅದೇ ಬಿದ್ದುಹೋಗಬಹುದು.

ನಾನು ಆರಿಸುವುದು ಹೀಗೆ: ಮೋಟರ್‌ನಲ್ಲೇ ಸ್ವಿಚ್ ಇದ್ದರೆ ಸ್ವಿಚ್. ಕೈಯಿಂದ ತಳ್ಳುವ ಪಾಯಿಂಟ್‌ಗಳಿಗೆ, ಲೇಔಟ್ ಹಲಗೆಯ ಕೆಳಗೆ ಜಾಗವೇ ಇಲ್ಲದ ಕಡೆಗೆ ಜ್ಯೂಸರ್. ಎಂಜಿನ್‌ಗೆ ಕೀಪ್ ಅಲೈವ್ ಕೆಪಾಸಿಟರ್ (ಒಂದು ಕ್ಷಣ ವಿದ್ಯುತ್ ತಪ್ಪಿದರೂ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವುದು) ಹಾಕಿದರೆ ಫ್ರಾಗ್ ಗೊಡವೆಯೇ ಬೇಡ ಅನ್ನುವವರೂ ಇದ್ದಾರೆ. ವಿದ್ಯುತ್ ಇಲ್ಲದ ಫ್ರಾಗ್ ದಾಟಲು ಅದು ಒಳ್ಳೆಯದೇ. ಆದರೆ ಪ್ರತಿ ಎಂಜಿನ್‌ಗೂ ಬೇಕು, ಪುಟ್ಟ ಶಂಟರ್‌ನಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ತೊಂದರೆ ಕೊಡುವುದೂ ಪುಟ್ಟ ಶಂಟರೇ.

ಮೋಟರ್: ಇರುವುದನ್ನು ಉಳಿಸಿಕೊಳ್ಳುವುದೇ ಲೇಸು

ಸೊಲೆನಾಯ್ಡ್ ಮೋಟರ್, ಅಂದರೆ ಟಪ್ ಅಂತ ಹೊಡೆಯುವ ಎರಡು ಕಾಯಿಲ್‌ನದು, ಹಳೆಯ ಲೇಔಟ್‌ಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಪೆಕೊ ಪಿಎಲ್-10, ಸೀಪ್ ಇವೆಲ್ಲ ಇದೇ ಜಾತಿ. ಒಂದು ಕ್ಷಣ ಕೆಲವು ಆಂಪಿಯರ್ ಎಳೆಯುತ್ತದೆ, ಆಮೇಲೆ ಏನೂ ಇಲ್ಲ. ವಿದ್ಯುತ್ ನಿಲ್ಲದೆ ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೇ ನಡುವೆ ಸಿಡಿಯು, ಅಂದರೆ ಕೆಪಾಸಿಟರ್‌ನಲ್ಲಿ ತುಂಬಿಟ್ಟು ಒಮ್ಮೆಗೇ ಬಿಡುವ ಪೆಟ್ಟಿಗೆ, ಇದ್ದರೆ ಒಳ್ಳೆಯದು. ಹೊಡೆತವೂ ಗಟ್ಟಿ, ಕಾಯಿಲ್‌ಗೂ ರಕ್ಷಣೆ. ಇದಕ್ಕೆ ಡಿಕೋಡರ್ ಕೊಳ್ಳುವುದಾದರೆ ಪಲ್ಸ್ ಕೊಡುವಂಥದ್ದೇ ಆಗಿರಬೇಕು.

ಟಾರ್ಟಾಯ್ಸ್ ಥರದ ನಿಧಾನ ಮೋಟರ್‌ಗಳದ್ದು ಬೇರೆ ಸ್ವಭಾವ. 12 ವೋಲ್ಟ್ ಡಿಸಿ ಕೊಟ್ಟರೆ ನಿಧಾನವಾಗಿ ಸರಿದು, ತುದಿ ಮುಟ್ಟಿ, ಅಲ್ಲೇ ಒತ್ತಿ ನಿಲ್ಲುತ್ತದೆ. ನಿಂತಾಗಲೂ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಆದರೆ ಅದು 16 ಮಿಲಿಆಂಪಿಯರ್ ಆಸುಪಾಸು. ಇಪ್ಪತ್ತು ಮೋಟರ್ ಸೇರಿದರೂ ಆಂಪಿಯರ್‌ನ ಮೂರನೇ ಒಂದು ಭಾಗ. ಒಳಗೆ ಎರಡು ಜೊತೆ ಸ್ವಿಚ್ ಇವೆ. ಒಂದು ಫ್ರಾಗ್‌ಗೆ, ಇನ್ನೊಂದು ಪ್ಯಾನೆಲ್ ದೀಪಕ್ಕೋ ಸಿಗ್ನಲ್‌ಗೋ. ಲೇಔಟ್ ಹಲಗೆಯ ಕೆಳಗೆ ಎತ್ತರ ಜಾಸ್ತಿ ಬೇಕು ಅನ್ನುವುದೊಂದೇ ದೂರು. ಹೊಸ ಮೋಟರ್ ಹಾಕುವುದಾದರೆ ನನ್ನ ಓಟು ಇದಕ್ಕೇ.

ಸರ್ವೋ ಅಗ್ಗ, ಸಣ್ಣದು, ಎಷ್ಟು ದೂರ ಎಷ್ಟು ವೇಗದಲ್ಲಿ ಸರಿಯಬೇಕು ಅಂತ ಹೊಂದಿಸಬಹುದು. 5 ವೋಲ್ಟ್‌ನಲ್ಲಿ ನಡೆಯುತ್ತದೆ, ಅದನ್ನು ನಡೆಸಲು ಪಲ್ಸ್ ಕೊಡುವ ಬೋರ್ಡ್ ಬೇಕು. ಪವರ್ ಹಾಕಿದಾಗ ಒಮ್ಮೆ ಬೆಚ್ಚಿಬೀಳುವುದು ಅದರ ಹಳೇ ಚಾಳಿ. ಫ್ರಾಗ್‌ಗೆ ಸ್ವಿಚ್ ಅದರಲ್ಲಿಲ್ಲ, ರಿಲೇ ಇರುವ ಬೋರ್ಡ್ ಅಥವಾ ಜ್ಯೂಸರ್ ಹಾಕಬೇಕು. ಅಲ್ಲಿಗೆ ಅಗ್ಗ ಅನ್ನುವ ಮಾತು ಅರ್ಧ ಹೋಯಿತು. ಎಲೆಕ್ಟ್ರಾನಿಕ್ಸ್ ಕೆಲಸವೇ ಇಷ್ಟ ಅನ್ನುವವರಿಗೆ ಚಂದ.

ಆಜ್ಞೆ: ಪ್ಯಾನೆಲ್ಲೋ ಡಿಕೋಡರ್ರೋ

ಹಳೆಯ ಪ್ಯಾನೆಲ್ (ಪಾಯಿಂಟ್ ಸ್ವಿಚ್‌ಗಳ ಹಲಗೆ) ಕೆಲಸ ಮಾಡುತ್ತಿದ್ದರೆ ಮುಟ್ಟಬೇಡಿ. ಹಳೇ ಕಂಟ್ರೋಲರ್‌ನಲ್ಲಿ 16 ವೋಲ್ಟ್ ಎಸಿ ಔಟ್‌ಪುಟ್ ಇದ್ದರೆ ಅದೇ ಪಾಯಿಂಟ್ ಮೋಟರ್‌ಗಳನ್ನು ನಡೆಸಿಕೊಂಡು ಹೋಗಲಿ. ಅದರ ಟ್ರ್ಯಾಕ್ ಔಟ್‌ಪುಟ್ ಮಾತ್ರ ಬಿಚ್ಚಿಡಿ, ಸ್ವಿಚ್ ಹಾಕಿ ಎರಡನ್ನೂ ಇಟ್ಟುಕೊಳ್ಳುವ ಆಸೆ ಬೇಡ. ಒಂದು ಭಾಗದಲ್ಲಿ ಅನಲಾಗ್, ಪಕ್ಕದಲ್ಲಿ ಡಿಸಿಸಿ ಇದ್ದು, ಎಂಜಿನ್ ಅವುಗಳ ನಡುವಿನ ಸೀಳು ದಾಟಿದರೆ ಎರಡೂ ಒಂದಾಗುತ್ತವೆ. ಏನು ಸುಡುತ್ತದೆ ಅನ್ನುವುದು ಆಗ ಅದೃಷ್ಟಕ್ಕೆ ಬಿಟ್ಟದ್ದು. ಹಾಗೆಯೇ ಹಳೆಯ ಹಾರ್ನ್‌ಬಿ ಅನಲಾಗ್ ಪವರ್ ಕ್ಲಿಪ್‌ಗಳಲ್ಲಿ ಕೆಪಾಸಿಟರ್ ಇರುತ್ತದೆ, ಅದು ಡಿಸಿಸಿ ಸಿಗ್ನಲ್ ಅನ್ನು ಕೆಡಿಸುತ್ತದೆ. ಕ್ಲಿಪ್ ತೆಗೆದು ನೇರ ವೈರ್ ಕೊಡಿ.

ಪ್ಯಾನೆಲ್ ಪರವಾಗಿ ಇನ್ನೊಂದು ಮಾತು. ಕೈಯಲ್ಲಿ ಥ್ರಾಟಲ್ ಹಿಡಿದು ರೈಲು ಓಡಿಸುತ್ತಾ, ಅದರಲ್ಲೇ ಪಾಯಿಂಟ್ ಮೋಡ್‌ಗೆ ಹೋಗಿ, ನಂಬರ್ ಒತ್ತಿ, ದಿಕ್ಕು ಒತ್ತಿ, ಮತ್ತೆ ಎಂಜಿನ್‌ಗೆ ವಾಪಸ್ ಬರಬೇಕು. ಅಷ್ಟರಲ್ಲಿ ರೈಲು ಪಾಯಿಂಟ್ ಹತ್ತಿರ ಬಂದಿರುತ್ತದೆ. ಪ್ಯಾನೆಲ್‌ನಲ್ಲಿ ಒಂದು ಸ್ವಿಚ್ ತಟ್ಟಿದರೆ ಆಯಿತು. ಅದು ಯಾವ ಕಡೆಗಿದೆ ಅನ್ನುವುದೂ ಕಣ್ಣಿಗೆ ಕಾಣುತ್ತದೆ. ಥ್ರಾಟಲ್ ಕಳಿಸಿದ ಆಜ್ಞೆ ನಿಜಕ್ಕೂ ಪಾಯಿಂಟನ್ನು ಸರಿಸಿತೋ ಇಲ್ಲವೋ ಅನ್ನುವುದು, ಬೇರೆ ಫೀಡ್‌ಬ್ಯಾಕ್ ವ್ಯವಸ್ಥೆ ಇಲ್ಲದಿದ್ದರೆ, ಡಿಸಿಸಿಗೆ ತಿಳಿಯುವುದೇ ಇಲ್ಲ.

ಡಿಕೋಡರ್ ಗೆಲ್ಲುವ ಸಂದರ್ಭಗಳೂ ಇವೆ. ದೊಡ್ಡ ಯಾರ್ಡ್, ಒಂದೇ ಗುಂಡಿಗೆ ಆರು ಪಾಯಿಂಟ್ ಸಾಲಾಗಿ ತಿರುಗಬೇಕು ಅಂದರೆ ಡಿಕೋಡರ್ ಬೇಕು. ಜೆಎಂಆರ್‌ಐ ಥರದ ಉಚಿತ ಸಾಫ್ಟ್‌ವೇರ್‌ನಿಂದ ಕಂಪ್ಯೂಟರ್ ಪರದೆಯ ಮೇಲೆ ನಡೆಸಬೇಕು ಅಂದರೂ ಬೇಕು. ಪ್ಯಾನೆಲ್‌ನಿಂದ ದೂರದ ಮೂಲೆಗೆ ದಪ್ಪ ವೈರ್ ಕಟ್ಟು ಎಳೆಯುವ ಬದಲು ಆ ಮೂಲೆಯಲ್ಲೇ ಡಿಕೋಡರ್ ಕೂರಿಸಿದರೆ ಎರಡು ವೈರ್‌ನಲ್ಲಿ ಕೆಲಸ ಮುಗಿಯುತ್ತದೆ. ಪುಶ್ ಬಟನ್ ಜೋಡಿಸಲು ಜಾಗ ಇರುವ ಡಿಕೋಡರ್ ಆರಿಸಿಕೊಂಡರೆ ಎರಡೂ ಅನುಕೂಲ ಸಿಗುತ್ತದೆ.

ಆದರೆ ಡಿಕೋಡರ್‌ಗೆ ಹಳಿಯ ಬಸ್‌ನಿಂದಲೇ ವಿದ್ಯುತ್ ಕೊಡಬೇಡಿ. ಪಾಯಿಂಟ್ ತಪ್ಪು ದಿಕ್ಕಿಗೆ ಇದ್ದಾಗ ರೈಲು ಹಿಂದಿನಿಂದ ಬಂದು ಫ್ರಾಗ್ ಹತ್ತಿತು ಅನ್ನಿ. ಶಾರ್ಟ್, ಬೂಸ್ಟರ್ ಟ್ರಿಪ್. ಪಾಯಿಂಟ್ ತಿರುಗಿಸಿದರೆ ಶಾರ್ಟ್ ಹೋಗುತ್ತದೆ. ಆದರೆ ತಿರುಗಿಸಬೇಕಾದ ಡಿಕೋಡರ್‌ಗೂ ಈಗ ವಿದ್ಯುತ್ ಇಲ್ಲ. ಕೈಯಿಂದ ಎಂಜಿನ್ ಎತ್ತಬೇಕು, ಅದು ಸುರಂಗದೊಳಗಿದ್ದರೆ ದೇವರೇ ಗತಿ. ಪ್ರತ್ಯೇಕ ಪವರ್ ಸಪ್ಲೈ ಕೊಟ್ಟರಷ್ಟೇ ಸಾಲದು, ಸಿಗ್ನಲ್ ಕೂಡ ಟ್ರಿಪ್ ಆಗದ ಕಡೆಯಿಂದ ಬರಬೇಕು. ಬೂಸ್ಟರ್‌ನಿಂದ ಹೊರಟ ಕೂಡಲೇ ಬಸ್ ಅನ್ನು ಎರಡು ಕವಲು ಮಾಡಿ. ಒಂದು ನೇರವಾಗಿ ಡಿಕೋಡರ್‌ಗಳಿಗೆ, ಇನ್ನೊಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್ ಮೂಲಕ ಹಳಿಗೆ. ಬೂಸ್ಟರ್‌ಗಿಂತ ಮುಂಚೆ ಬ್ರೇಕರ್ ಬೀಳುವ ಹಾಗೆ ಅದರ ಮಿತಿ ಕಡಿಮೆ ಇಡಿ. ಪ್ಯಾನೆಲ್ ಉಳಿಸಿಕೊಂಡವರಿಗೆ ಈ ತಲೆನೋವೇ ಇಲ್ಲ.

ಪೇಚಿನ ಜಾಗಗಳು

ಡಬಲ್ ಸ್ಲಿಪ್‌ಗೆ (ಎರಡು ಹಳಿದಾರಿ ದಾಟುವ ಕಡೆಯೇ ಒಂದರಿಂದ ಇನ್ನೊಂದಕ್ಕೂ ಹೋಗಬಹುದಾದ ಟರ್ನ್‌ಔಟ್) ಎರಡು ಫ್ರಾಗ್, ಎರಡು ಮೋಟರ್. ಇಲ್ಲಿ ಒಂದು ತುದಿಯ ಫ್ರಾಗ್‌ನ ಧ್ರುವವನ್ನು ಇನ್ನೊಂದು ತುದಿಯ ಮೋಟರ್‌ನ ಸ್ವಿಚ್ ನಿರ್ಧರಿಸಬೇಕು. ವೈರ್ ಅಡ್ಡಡ್ಡ ಹೋಗುವುದು ನೋಡಿ ತಪ್ಪಾಯಿತು ಅಂತ ಅನಿಸುತ್ತದೆ, ಆದರೆ ಅದೇ ಸರಿ. ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಎರಡು ಜ್ಯೂಸರ್ ಹಾಕಿ. ಲೋಹದ ಫ್ರಾಗ್ ಇರುವ ಡೈಮಂಡ್ ಕ್ರಾಸಿಂಗ್‌ಗೆ (ಎರಡು ಹಳಿದಾರಿ ಬರೀ ಅಡ್ಡ ದಾಟುವ ಜಾಗ) ಬ್ಲೇಡೂ ಇಲ್ಲ ಮೋಟರೂ ಇಲ್ಲ, ಅಲ್ಲಿ ಜ್ಯೂಸರೇ ಸುಲಭ.

ಅನಲಾಗ್‌ನಲ್ಲಿ ಪಾಯಿಂಟ್ ತಿರುಗಿಸಿದರೆ ಸೈಡಿಂಗ್‌ನ (ರೈಲು ನಿಲ್ಲಿಸಿಡುವ ಪಕ್ಕದ ಹಳಿ) ವಿದ್ಯುತ್ ತಾನೇ ಹೋಗುತ್ತಿತ್ತು, ಎಂಜಿನ್ ನಿಲ್ಲಿಸಿಡಲು ಅದು ಬೇಕಿತ್ತು. ಡಿಸಿಸಿಯಲ್ಲಿ ಎಂಜಿನ್ ಆಜ್ಞೆ ಇಲ್ಲದೆ ಕದಲುವುದಿಲ್ಲ, ದೀಪ ಸದ್ದು ಉಳಿಯಲು ವಿದ್ಯುತ್ ಸದಾ ಬೇಕು. ಹಾಗಾಗಿ ಪ್ರತಿ ಸೈಡಿಂಗ್‌ಗೂ ಸ್ವಂತ ಡ್ರಾಪರ್ ಕೊಡಿ, ಹಳೆಯ ಸೆಕ್ಷನ್ ಸ್ವಿಚ್‌ಗಳನ್ನೆಲ್ಲ ಬೈಪಾಸ್ ಮಾಡಿ.

ಒಂದೊಂದು ಟರ್ನ್‌ಔಟ್ ಮುಗಿದ ಹಾಗೂ ಪರೀಕ್ಷೆ ಮಾಡುತ್ತಾ ಹೋಗಿ, ಎಲ್ಲ ಮುಗಿದ ಮೇಲೆ ಅಂತ ಬಿಡಬೇಡಿ. ಫ್ರಾಗ್ ಆಚೆ ಒಂದು ನಾಣ್ಯವನ್ನು ಎರಡು ಹಳಿಗಳ ಮೇಲೆ ಅಡ್ಡ ಇಡಿ. ಬೂಸ್ಟರ್ ಕೂಡಲೇ ಟ್ರಿಪ್ ಆಗಬೇಕು. ನಾಣ್ಯ ತೆಗೆದ ಮೇಲೆ ತಾನೇ, ಇಲ್ಲವೇ ನೀವು ಮತ್ತೆ ಆನ್ ಮಾಡಿದಾಗ, ಚೇತರಿಸಿಕೊಳ್ಳಬೇಕು. ಪಾಯಿಂಟ್ ಇನ್ನೊಂದು ದಿಕ್ಕಿಗೆ ತಿರುಗಿಸಿ, ಆ ದಾರಿಯಲ್ಲೂ ಹೀಗೇ ನೋಡಿ. ಟ್ರಿಪ್ ಆಗದೆ ನಾಣ್ಯ ಬಿಸಿಯಾಗುತ್ತಿದ್ದರೆ ಕೂಡಲೇ ಪವರ್ ಆರಿಸಿ. ಅಲ್ಲಿಗೆ ಹೋಗುವ ವೈರ್ ತೆಳುವಾಗಿದೆ ಅಥವಾ ಬರೀ ಜಾಯಿನರ್‌ಗಳ ಮೇಲೆ ನಂಬಿಕೆ ಇಟ್ಟು ಕೂತಿದ್ದೀರಿ. ಇನ್ನೊಂದು ಡ್ರಾಪರ್ ಹಾಕಿ, ಮತ್ತೆ ನಾಣ್ಯ ಇಟ್ಟು ನೋಡಿ.